ಅಪ್ಪನ ಪೂರ್ವಪಕ್ಷ

ಹೈದರಾಬಾದಿನ ಮಣಿಕೊಂಡದಲ್ಲಿ ನಮ್ಮ ಎದುರು ಫ್ಲಾಟಿನವರು ಈ ಬೇಸಿಗೆಗೆ ಹಳೆಯ ಕಾಲದ ಕೂಲರ್ ಒಂದನ್ನು ತಂದು ಬಾಲ್ಕನಿಯಲ್ಲಿ ನಿಲ್ಲಿಸಿದ್ದಾರೆ. ಎ.ಸಿ. ಹಾಕಿದರೆ ಅವರ ಅತ್ತೆಗೆ ಮೈಕೈ ನೋವಂತೆ. ಸಂಜೆ ಅದಕ್ಕೆ ನೀರು ತುಂಬಿಸಿ ಚಾಲೂ ಮಾಡಿದರೆ ಸಾಕು, ಅದರ ತಡಿಕೆಯ ತೊಯ್ದ ಲಾವಂಚದ ವಾಸನೆ ನಮ್ಮ ಅಡುಗೆಮನೆಯ ತನಕ ಬರುತ್ತದೆ. ಕೈಯಲ್ಲಿ ಲಟ್ಟಣಿಗೆ ಇದ್ದರೂ ನನ್ನ ಮನಸ್ಸು ಕಾಚಿಗೂಡದ ಒಂದು ಕ್ಲಾಸ್‌ರೂಮಿಗೆ ಹೋಗಿ ಕೂತುಬಿಡುತ್ತದೆ. ಚಪಾತಿ ಸೀದರೆ ಮನೆಯವರು ನನ್ನ ಡಿಗ್ರಿಯನ್ನು ಬೈಯುತ್ತಾರೆ. ಇದು ನ್ಯಾಯವೇ, ನೀವೇ ಹೇಳಿ.

ನಾನು ಬಿ.ಎ.ಯಲ್ಲಿ ಓದಿದ್ದು ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಧ್ಯಯನ. ಅದೂ ಹೈದರಾಬಾದಿನಲ್ಲಿ, ಊರಿಗೆ ಊರೇ ಅಮೀರ್‌ಪೇಟೆಯ ಕಂಪ್ಯೂಟರ್ ಕೋಚಿಂಗ್ ಸೆಂಟರುಗಳಿಗೆ ನುಗ್ಗುತ್ತಿದ್ದ ಕಾಲದಲ್ಲಿ. ಮನೆಗೆ ಬಂದವರ ಮುಂದೆ ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು: "ಎಲ್ಲಾರೂ ಕಂಪ್ಯೂಟರ್ ಮುಂದ ಕುಂತಾರ, ಇಕಿ ನೋಡ್ರಿ, ಆತ್ಮ ಹುಡಕಾಕತ್ತಾಳ!"

ಕಾಲೇಜು ಸಣ್ಣದು, ಕಾಚಿಗೂಡ ರೈಲ್ವೆ ಸ್ಟೇಷನ್ನಿನ ಬೆನ್ನಿಗೇ ಇತ್ತು. ನಮ್ಮ ವಿಭಾಗ ಅದಕ್ಕಿಂತ ಸಣ್ಣದು. ಲಾವಂಚದ ಕೂಲರ್ ಇದ್ದ ಒಂದೇ ಕೋಣೆ, ಬೆರಳೆಣಿಕೆಯ ವಿದ್ಯಾರ್ಥಿಗಳು, ಒಬ್ಬರೇ ಒಬ್ಬರು ಮೇಡಂ. ಆತ್ಮ ಎಂದರೇನು ಎಂದು ಅವರು ಕೇಳಿ ನಮ್ಮ ಮುಖ ನೋಡುವ ಹೊತ್ತಿಗೆ ಸರಿಯಾಗಿ, ನಮ್ಮ ಕರ್ನಾಟಕದ ಕಡೆಗೆ ಹೋಗುವ ಗಾಡಿ ತಡವಾಗಿ ಹೊರಡುತ್ತದೆ ಎಂದು ಸ್ಟೇಷನ್ನಿನ ಮೈಕು ಉತ್ತರ ಕೊಡುತ್ತಿತ್ತು.

ಮೇಡಂ ಹೆಸರು ರಜಿಯಾ, ಕಲಬುರಗಿಯವರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ದಖನಿ ಉರ್ದುವಿನಲ್ಲಿ, ನನ್ನೊಬ್ಬಳ ಜೊತೆ ಕನ್ನಡ. ಅವರ ಕ್ಲಾಸಿನಲ್ಲಿ ಒಂದು ಕಟ್ಟಳೆ ಇತ್ತು. ಯಾರನ್ನಾದರೂ ವಿರೋಧಿಸಬೇಕೆಂದರೆ ಮೊದಲು ಅವರ ವಾದವನ್ನು ಅವರ ಪರವಾಗಿ ನಾವೇ ಹೇಳಬೇಕು. ಹಿಂದಿನ ಪಂಡಿತರು ಇದನ್ನೇ ಪೂರ್ವಪಕ್ಷ ಎನ್ನುತ್ತಿದ್ದರು. "ಅವ್ರು ಹೌದಂತ ತಲಿ ಅಲ್ಲಾಡಿಸೋ ತನಕ ನೀ ಉತ್ತರ ಕೊಡಂಗಿಲ್ಲ" ಎನ್ನುತ್ತಿದ್ದರು ಮೇಡಂ. ಕೇಳಲು ಸಲೀಸು. ಮಾಡಿ ನೋಡಿ, ಗೊತ್ತಾಗುತ್ತದೆ.

ವಾದಕ್ಕೆ ಎದುರಾಳಿಯಾಗಿ ನನಗೆ ಗಂಟುಬಿದ್ದ ಸಹಪಾಠಿ ಇಮ್ರಾನ್, ಸ್ಟೇಷನ್ ಎದುರಿನ ಲಾಡ್ಜ್ ಮ್ಯಾನೇಜರರ ಮಗ. ನಮಾಜು ತಪ್ಪಿಸದ ಈ ಹುಡುಗ ಕ್ಲಾಸಿನಲ್ಲಿ ಮಾತ್ರ ಚಾರ್ವಾಕರ ವಕೀಲ. ಕಣ್ಣಿಗೆ ಕಾಣದ್ದು ಯಾವುದೂ ಇಲ್ಲ ಎಂದು ವಾದಿಸುವುದು ಅವನ ಪಾಲಿಗೆ ಬಂದಿತ್ತು. "ತಿಂದು ಕುಡಿದು ಮಜಾ ಮಾಡಿ, ಇಷ್ಟೇ ತಾನೆ ನಿನ್ನ ವಾದ?" ಎಂದೆ. ಅವನು ತಲೆಯನ್ನು ಅಡ್ಡಡ್ಡ ಆಡಿಸಿದ. ಮರುದಿನ ಬೇರೆ ರೀತಿ ಹೇಳಿದೆ. ಮತ್ತೆ ಅಡ್ಡಡ್ಡ. "ನೀ ನಗೂ ಹಂಗ ಹೇಳಾಕತ್ತಿ, ಅವ ನಂಬೂ ಹಂಗ ಹೇಳು" ಎಂದರು ಮೇಡಂ. ಕೊನೆಗೊಂದು ದಿನ ಅವನು ಹೂಂ ಎಂದು ತಲೆಯಾಡಿಸಿದಾಗ ನನ್ನ ಉತ್ತರವೇ ಅರ್ಧ ಕರಗಿ ಹೋಗಿತ್ತು. ಸೋತೆನೋ ಗೆದ್ದೆನೋ ತಿಳಿಯಲಿಲ್ಲ. ಆದರೆ ಅವತ್ತಿನಿಂದ ಬಸ್ಸಿನಲ್ಲಿ ಪಕ್ಕ ಕೂತವರನ್ನು ಕಂಡರೂ, ಇವರ ತಲೆಯೊಳಗೆ ಏನಿರಬಹುದು ಎಂಬ ಕುತೂಹಲ ನನಗೆ ಅಂಟಿಕೊಂಡಿತು.

ಮೊದಲ ವರ್ಷ ಮುಗಿಯುತ್ತಿದ್ದಂತೆ ಅಪ್ಪ, "ಇದನ್ನ ಬಿಟ್ಟುಬಿಡವ್ವಾ, ಕಂಪ್ಯೂಟರ್ ಕ್ಲಾಸಿಗೆ ಸೇರು" ಎಂದರು. ಅಪ್ಪ ಗದಗಿನ ಕಡೆಯವರು, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ. ಮಾತು ಕಡಿಮೆ, ಹೇಳಿದರೆಂದರೆ ಮುಗಿಯಿತು. ನಾನು ಅಳುತ್ತಾ ಮೇಡಂ ಹತ್ತಿರ ಹೋದೆ. ಅವರು ಸಮಾಧಾನ ಹೇಳಲಿಲ್ಲ. "ನಿಮ್ಮಪ್ಪನ ಪೂರ್ವಪಕ್ಷ ಹೇಳಿದೇನು?" ಎಂದು ಕೇಳಿದರು.

ಅವತ್ತು ಸಂಜೆ ಅಪ್ಪ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಕೂತಿದ್ದರು. ಎದುರು ಕೂತು ಶುರು ಮಾಡಿದೆ.

"ಅಪ್ಪಾ, ಇದನ್ನ ಓದಿದ್ರ ನೌಕರಿ ಸಿಗಂಗಿಲ್ಲ ಅಂತ ನಿಮ್ಮ ಚಿಂತಿ. ಹೌದಲ್ರಿ?"

ಅಡ್ಡಡ್ಡ ಆಡಿತು ತಲೆ.

"ಮಂದಿ ನಗತಾರಂತ?"

"ನಗೂ ಮಂದೀನ ಯಾರ್ ಕೇಳ್ತಾರ!"

"ದೇವರು ದಿಂಡರು ಬಿಟ್ಟು ಕೆಡತೀನಂತ?"

"ಅಲ್ಲವ್ವಾ" ಎಂದರು ಅಪ್ಪ. ನಾನು ಇನ್ನಷ್ಟು ಹತ್ತಿರ ಸರಿದು ಕೂತೆ. ಉತ್ತರ ಕೊಡುವ ಹಕ್ಕು ನನಗಿನ್ನೂ ಬಂದಿರಲಿಲ್ಲವಲ್ಲ.

"ಫ್ಯಾಕ್ಟ್ರಿಯೊಳಗ ಹಿಂದಿ, ಬಜಾರದಾಗ ತೆಲುಗು. ಕೆಲಸ ನಡಿಯೋ ಅಷ್ಟು ಮಾತು ನನಗ ಎಲ್ಲಾದ್ರಾಗೂ ಬರತೈತಿ. ಆದ್ರ ಮನಸಿನ್ಯಾಗ ಒಂದು ವಿಚಾರ ಬಂತಂದ್ರ, ಹೇಳಾಕ ಒಂದು ನರಪಿಳ್ಳಿ ಇಲ್ಲ. ಅದು ಅಲ್ಲೇ ಒಣಗಿ ಹೋಗತೈತಿ. ಭಾಳ ತ್ರಾಸು ಅದು. ನೀ ಇಷ್ಟೆಲ್ಲಾ ತಲ್ಯಾಗ ತುಂಬಿಕೊಂಡು, ಈ ಊರಾಗ ಯಾರ ಕೂಡ ಮಾತಾಡ್ತಿ?"

ಅಪ್ಪನಿಗೆ ಹೇಳಿಕೊಳ್ಳಲು ವಿಚಾರಗಳಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆದರೂ ಕಟ್ಟಳೆ ಕಟ್ಟಳೆಯೇ. "ನನ್ನಂಗ ನನ್ನ ಮಗಳೂ ಒಂಟಿ ಆಗಬಾರದು ಅಂತ ನೀವು ಹೇಳಾಕತ್ತೀರಿ" ಎಂದೆ.

ಅಪ್ಪ ತಲೆಯಾಡಿಸಿದರು.

ನಾನು ಕಟ್ಟಿಕೊಂಡು ಹೋಗಿದ್ದ ವಾದಗಳೆಲ್ಲ ನೌಕರಿಯ ಬಗ್ಗೆ ಇದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ನಿಮ್ಮ ಕೂಡ ಮಾತಾಡ್ತೀನ್ರಿ."

ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಆಮೇಲೆ ಕೆಮ್ಮಿ, "ಹಂಗಾದ್ರ ಇವತ್ತ ಏನ್ ಕಲಿಸಿದ್ರು, ಹೇಳು" ಎಂದರು.

ಕಂಪ್ಯೂಟರ್ ಕ್ಲಾಸಿನ ಮಾತು ಮತ್ತೆ ಬರಲಿಲ್ಲ. ದಿನವೂ ಸಂಜೆ ನನ್ನ ಪಾಠ ಅಪ್ಪನಿಗೆ ಒಪ್ಪಿಸುವುದು, ಅಪ್ಪನ ಪ್ರಶ್ನೆ ಮರುದಿನ ಮೇಡಂಗೆ ಮುಟ್ಟಿಸುವುದು. "ನಿದ್ದಿಯೊಳಗ ನಾನು ಎಲ್ಲಿರ್ತೀನಿ? ಕೇಳಿಕೊಂಡು ಬಾ" ಎಂದು ಅಪ್ಪ. "ಪ್ರಶ್ನಿ ಛಲೋ ಐತಂತ ಹೇಳು. ಉತ್ತರ ನನಗೂ ಗೊತ್ತಿಲ್ಲ" ಎಂದು ಮೇಡಂ. ಒಬ್ಬರನ್ನೊಬ್ಬರು ಕಾಣದೆಯೇ ಇಬ್ಬರೂ ನನ್ನ ಬಾಯಿಂದ ಜಗಳಾಡಿದರು. ಆ ಡಿಗ್ರಿಯಲ್ಲಿ ಅಪ್ಪನದೂ ಒಂದು ಪಾಲಿದೆ.

ಈಗ ಅಪ್ಪ ಇಲ್ಲ. ನಾನೊಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಸ್ಟಾಫ್‌ರೂಮಿನಲ್ಲಿ ಫ್ಲಾಟಿನ ರೇಟು, ಶಂಶಾಬಾದಿನ ಸೈಟು, ಇವೇ ಮಾತು. ಅವತ್ತಿನ ನನ್ನ ಉತ್ತರದಲ್ಲಿ ಒಂದು ದೋಷವಿತ್ತು. ಅಪ್ಪ ಯಾವಾಗಲೂ ಇರುತ್ತಾರೆ ಎಂದು ನಾನು ಗೃಹೀತ ಹಿಡಿದುಬಿಟ್ಟಿದ್ದೆ. ಅವರ ಪೂರ್ವಪಕ್ಷವೇ ನಿಜವಾಯಿತು ಎನ್ನಿಸಿದಾಗ ಸಂಕಟವಾಗುತ್ತದೆ.

ನಿನ್ನೆ ಸಂಜೆ ಲಾವಂಚದ ವಾಸನೆ ಬಂದಾಗ, ನಿದ್ದೆಯ ಆ ಪ್ರಶ್ನೆಯನ್ನು ಒಬ್ಬಳೇ ಗುನುಗುತ್ತಾ ಚಪಾತಿ ಲಟ್ಟಿಸುತ್ತಿದ್ದೆ. ನೀರು ಕುಡಿಯಲು ಬಂದ ಮಗಳು ಬಾಗಿಲಲ್ಲಿ ನಿಂತಳು.

"ಮಮ್ಮೀ, ಯಾರ ಕೂಡ ಮಾತಾಡಾಕತ್ತಿ?"

ಅಪ್ಪನೂ ಅವತ್ತು ಇದನ್ನೇ ಕೇಳಿದ್ದರು. ಯಾರೂ ಇಲ್ಲ, ಹೋಗಿ ಓದಿಕೋ ಎನ್ನಲು ಹೊರಟವಳು ನಿದ್ದೆಯ ಪ್ರಶ್ನೆಯನ್ನೇ ಹೇಳಿಬಿಟ್ಟೆ. ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು ಯೋಚಿಸಿದಳು. "ಎಲ್ಲೂ ಇರಂಗಿಲ್ಲ. ಫೋನ್ ಆಫ್ ಆದಂಗ ಅಷ್ಟೇ. ಸಿಂಪಲ್."

ಸಿಂಪಲ್ ಅಂತೆ! ಖಂಡಿಸಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಒಲೆ ಆರಿಸಿದೆ. "ತಡಿ, ಮೊದಲ ನಿನ್ನ ಮಾತು ನಾ ಹೇಳ್ತೀನಿ. ಸರಿ ಆತಂದ್ರ ತಲಿ ಅಲ್ಲಾಡಿಸು" ಎಂದು, ನನಗೆ ತಿಳಿದಷ್ಟು ಹೇಳಿದೆ.

ಅವಳು ಇನ್ನೊಂದು ಕಿವಿಯ ಇಯರ್‌ಫೋನನ್ನೂ ತೆಗೆದು, ತಲೆಯನ್ನು ಅಡ್ಡಡ್ಡ ಆಡಿಸಿದಳು. "ಹಂಗಲ್ಲ ಮಮ್ಮೀ."

ನಾನು ಹಿಟ್ಟಿನ ಕೈಯಲ್ಲೇ ಕುರ್ಚಿ ಎಳೆದುಕೊಂಡು ಕೂತೆ.