ಹೊಸ್ತಿಲು ಕೊಯ್ಯಿಸಿದ ಚಿಕ್ಕಮ್ಮ

ಹೋದ ವಾರ ಅಮ್ಮನಿಗೆ ಮಾತ್ರೆ ತರಲು ಹೋದಾಗ ಔಷಧಿ ಅಂಗಡಿಯ ಮುಂದೆ ಒಂದು ಕುರ್ಚಿ ಇಟ್ಟಿದ್ದರು. ನಡುವೆ ತೂತಿರುವ, ಬಚ್ಚಲಿಗೆ ಎದ್ದು ಹೋಗಲಾರದ ಮುದುಕರಿಗೆಂದು ಮಾಡಿದ ಪ್ಲಾಸ್ಟಿಕ್ ಕುರ್ಚಿ. ಅಂಥದ್ದನ್ನು ನಾನು ಮೊದಲು ನೋಡಿದ್ದು ಹೆಮ್ಮಿಗೆಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. ಅದು ಬೇವಿನ ಮರದ್ದು. ಬಡಗಿಯ ಎದುರು ನಿಂತು ಮಾಡಿಸಿದವಳು ನನ್ನ ಚಿಕ್ಕಮ್ಮ...

ಚಿಕ್ಕಮ್ಮ ಎಂದರೆ ಚಿಕ್ಕಪ್ಪ ಬಿಟ್ಟ ಹೆಂಡತಿ. ಮಕ್ಕಳಾಗಲಿಲ್ಲವೆಂದು ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ನರಸೀಪುರದಲ್ಲಿ ಮನೆ ಮಾಡಿದ. ಇವಳು ಒಂದು ಟ್ರಂಕು ಹಿಡಿದು ಹೆಮ್ಮಿಗೆಯ ತವರಿಗೆ ಹೋದಳು. ತಂದೆತಾಯಿ ತೀರಿಕೊಂಡಿದ್ದ ಆ ಮನೆಯಲ್ಲಿ ರೇಷ್ಮೆ ಹುಳ ಸಾಕಿಕೊಂಡು ಒಬ್ಬಳೇ ಇದ್ದಳು. ನಂಜನಗೂಡಿನ ನಮ್ಮ ಮನೆಯಲ್ಲಿ ಅವಳ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲೇ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಯುಗಾದಿಯ ಹೊತ್ತಿಗೆ ಯಾರಾದರೂ ಹಿಡಿದರೆ ಎದ್ದು ಕೂರುತ್ತಿದ್ದಳು, ಅಷ್ಟೇ. ಹಬ್ಬದೂಟ ಮುಗಿಸಿ ಅಪ್ಪನೂ ಚಿಕ್ಕಪ್ಪನೂ ಪಡಸಾಲೆಯಲ್ಲಿ ಕೂತು ಹೊಸ ವರ್ಷದ ಏರ್ಪಾಡು ಮಾಡಿದರು. ದಸರಾವರೆಗೆ ಇಲ್ಲಿ, ಆಮೇಲೆ ನರಸೀಪುರದಲ್ಲಿ. ಅಜ್ಜಿ ಅಲ್ಲೇ ಚಾಪೆಯ ಮೇಲೆ ಮಲಗಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

"ನಾನು ಇಲ್ಲೂ ಇರಕಿಲ್ಲ, ಅಲ್ಲೂ ಬರಕಿಲ್ಲ. ಎಮ್ಮಿಗೆಗೆ ಓಯ್ತೀನಿ," ಎಂದಳು ಅಜ್ಜಿ.

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ಅವಳಿಗೂ ನಮಗೂ ಏನವ್ವ ಸಂಬಂಧ?"

"ನಿಂಗೆ ಇಲ್ದೆ ಇರಬೋದು ಕಣ್ಲಾ. ಬಿಟ್ಟೋನು ನೀನು. ನಾನೇನು ಬಿಟ್ಟಿದ್ದೀನಾ?"

ಅವಳು ಒಪ್ಪಬೇಕಲ್ಲ ಎಂದ ಅಪ್ಪ. ಒಪ್ಪಿಯಾಗಿತ್ತು. ಅಜ್ಜಿ ಹೇಳಿದಂತೆ ಹದಿನೈದು ದಿನ ಮುಂಚೆಯೇ ಕಾರ್ಡು ಬರೆದು ಹಾಕಿದ್ದವಳು ನಾನು. ಆಗ ನನಗೆ ಇಪ್ಪತ್ತು, ಟೈಪಿಂಗ್ ಕಲಿಯುತ್ತಿದ್ದೆ. ಪುಸ್ತಕದೊಳಗೆ ಬಚ್ಚಿಟ್ಟಿದ್ದ ಉತ್ತರವನ್ನು ತಂದು ಗಟ್ಟಿಯಾಗಿ ಓದಿದೆ: "ಅತ್ತೆಮ್ಮನ್ನ ಕರೆದುಕೊಂಡು ಬನ್ನಿ. ಬಡಗಿಗೆ ಹೇಳಿದ್ದೇನೆ. ನಿನ್ನ ಚಿಕ್ಕಪ್ಪ ಜೊತೆಗೆ ಬರುವುದು ಬೇಡ."

ಅಪ್ಪ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ತಲೆ ತಗ್ಗಿಸಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋಗಿ ಅಜ್ಜಿಯ ಸೀರೆಗಳನ್ನು ಗಂಟು ಕಟ್ಟತೊಡಗಿದಳು.

ಮೂರನೇ ದಿನ ಬಾಡಿಗೆ ಕಾರಿನಲ್ಲಿ ಅಜ್ಜಿಯನ್ನು ಮಲಗಿಸಿಕೊಂಡು ನಾನೂ ಅಪ್ಪನೂ ಹೋದೆವು. ಚಿಕ್ಕಮ್ಮ ಕಿಟಕಿಯ ಪಕ್ಕ ಹಾಸಿಗೆ ಹಾಕಿದ್ದಳು. ಬಚ್ಚಲವರೆಗೂ ಹಿಡಿದು ನಡೆಯಲು ಗೋಡೆಗೆ ಬಿದಿರು ಕಟ್ಟಿಸಿದ್ದಳು. ಕುರ್ಚಿ ಸಿದ್ಧವಾಗಿತ್ತು. ಬಡಗಿ ಮಾತ್ರ ಗರಗಸ ಹಿಡಿದು ತಲೆಬಾಗಿಲ ಹೊಸ್ತಿಲ ಮುಂದೆ ಹಿಂದೆಮುಂದೆ ನೋಡುತ್ತಿದ್ದ. "ಒಸ್ಲು ಕುಯ್ದ ಮನೆ ಉದ್ಧಾರ ಆದದೇನವ್ವ?" ಎಂದು ಪಕ್ಕದ ಮನೆಯ ಯಜಮಾನರು ಗದರುತ್ತಿದ್ದರು.

"ಅತ್ತೆಮ್ಮಂಗೆ ಕಾಲು ಎತ್ತಕ್ಕಾಗಕಿಲ್ಲ. ಒಸ್ಲು ಎತ್ತರ ಇರಬೇಕು ಅಂತ ಅವರು ಒಳಗೇ ಬಿದ್ದಿರಬೇಕಾ?" ಎಂದ ಚಿಕ್ಕಮ್ಮ ಹೊಸ್ತಿಲಿಗೆ ಕೈಮುಗಿದು, ಬಡಗಿಯ ಕಡೆ ತಿರುಗಿದಳು. "ನೀನು ಕುಯ್ಯಪ್ಪ. ಪಾಪ ಬಂದ್ರೆ ನಂಗೆ ಬರಲಿ."

ದೀಪಾವಳಿಯ ಹೊತ್ತಿಗೆ ಅಜ್ಜಿ ಕೋಲೂರಿಕೊಂಡು ತಾನೇ ಜಗಲಿಗೆ ಬಂದು ಕೂರುತ್ತಿದ್ದಳು. ಅಲ್ಲಿ ಆರು ವರ್ಷ ಬದುಕಿದಳು. ನಡುವೆ ಒಮ್ಮೆ ಚಿಕ್ಕಪ್ಪ ಹೋಗಿದ್ದನಂತೆ. "ನಿಮ್ಮವ್ವ ಒಳಗವ್ರೆ, ನೋಡ್ಕಂಡು ಓಗಿ," ಎಂದು ಚಿಕ್ಕಮ್ಮ ಬುಟ್ಟಿ ಎತ್ತಿಕೊಂಡು ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟುಬಿಟ್ಟಳಂತೆ. ಅಜ್ಜಿ ಸತ್ತಾಗ ಅವನು ಹೆಣವನ್ನು ನಂಜನಗೂಡಿಗೆ ಒಯ್ಯಬೇಕೆಂದು ಹಟ ಹಿಡಿದ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅತ್ತೆಮ್ಮ ಕೇಳಿದ್ದು ಇಲ್ಲೇ," ಎಂದಳು, ಅಷ್ಟೇ. ಅವಳ ಹಿಪ್ಪುನೇರಳೆ ತೋಟದ ಅಂಚಿನಲ್ಲೇ ಮಣ್ಣು ಮಾಡಿದೆವು.

ಚಿಕ್ಕಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವಳಿಗೆ ವಯಸ್ಸಾದಾಗ ಜೊತೆಗೆ ಯಾರಿರಬೇಕೆಂದು ನಾವು ಯಾವ ಯುಗಾದಿಯಲ್ಲೂ ಕೂತು ಮಾತಾಡಲಿಲ್ಲ. ನಾನೂ ಆಡಲಿಲ್ಲ... ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಈಗ ಅಮ್ಮನಿಗೆ ಎಂಬತ್ತಾರು. ಮೊನ್ನೆ ತಮ್ಮಂದಿರಿಬ್ಬರೂ ಫೋನಿನಲ್ಲಿ, ಯುಗಾದಿ ಆದಮೇಲೆ ಯಾರ ಮನೆಯಲ್ಲಿ ಎಷ್ಟು ತಿಂಗಳು ಎಂದು ಶುರು ಮಾಡಿದರು. "ಮೊದಲು ಅಮ್ಮನ್ನ ಕೇಳ್ರೋ," ಎಂದು ಫೋನನ್ನು ಅಮ್ಮನ ಮುಂದೆ ಹಿಡಿದೆ.

"ನಿಮ್ ಚಿಕ್ಕಮ್ಮ ಇದ್ದಿದ್ರೆ ನಾನೂ ಎಮ್ಮಿಗೆಗೇ ಓಯ್ತಿದ್ದೆ," ಎಂದಳು ಅಮ್ಮ.