ಗೋಡೆಗೆ ಆನಿಸಿ ಕೂರಿಸಿದ್ದು

ನನ್ನ ತಮ್ಮ ಒಣದ್ರಾಕ್ಷಿ ಶೆಡ್ಡಿನ ಮೇಲಿನ ಅಂತಸ್ತಿನಿಂದ ಬಿದ್ದಾಗ ನಾನು ಕೆಳಗೇ ನಿಂತಿದ್ದೆ. ನಮ್ಮ ಹೊಲ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದೆ. ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ರವಿವಾರವೆಂದು ಊರಿಗೆ ಹೋಗಿದ್ದೆ. ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಬಿಗಿದು ದ್ರಾಕ್ಷಿ ಹರವುತ್ತಾರೆ. ಕೈ ಅಂಟು ಮಾಡಿಕೊಳ್ಳದೆ ಕೆಳಗಿನಿಂದ ಅಪ್ಪಣೆ ಕೊಡುವುದಷ್ಟೇ ನನ್ನ ಪಾಲಿನ ಕೆಲಸ. "ಆ ಮೂಲ್ಯಾಗ ಇನ್ನೊಂದೀಟು ಹರವೋ" ಎಂದೆ. ತಮ್ಮ ಆ ಮೂಲೆಗೆ ಬಾಗಿದ, ಕಾಲು ಜಾರಿತು, ಬೆನ್ನು ಕೆಳಗಾಗಿ ಬಿದ್ದ.

ಬಿದ್ದವನು ಮೊದಲು ಮಾಡಿದ ಕೆಲಸ ನನ್ನನ್ನು ಬೈದದ್ದು. ಬೈಯುತ್ತಲೇ ಬಲಗಾಲು ಝಾಡಿಸಿ, ಹೆಬ್ಬೆರಳಿಗೆ ಸಿಕ್ಕಿಕೊಂಡಿದ್ದ ಬಲೆಯ ತುಂಡನ್ನು ಒದ್ದು ಬಿಸಾಕಿದ. ಅದನ್ನು ನೋಡಿದವನು ನಾನೊಬ್ಬನೇ.

ನಾನು ಅವನ ಕಂಕುಳಲ್ಲಿ ಕೈಹಾಕಿ ಎತ್ತಿ, ಎಳೆದುಕೊಂಡು ಹೋಗಿ ಪಂಪಿನ ಮನೆಯ ಗೋಡೆಗೆ ಆನಿಸಿ ಕೂರಿಸಿದೆ. ಬಿದ್ದವರನ್ನು ಎಬ್ಬಿಸಿ ನೀರು ಕುಡಿಸುವುದು ನಮ್ಮ ಕಡೆ ಯಾರೂ ಕಲಿಸದೆ ಬರುವ ವಿದ್ಯೆ. ಅಷ್ಟರಲ್ಲಿ ಬುತ್ತಿ ಹೊತ್ತು ಬಂದ ಅವ್ವ ಚೀರಿದಳು.

"ಏ, ಗ್ವಾಡಿಗೆ ಆನಿಸಿ ಕೂಡ್ರಿಸಬ್ಯಾಡೋ! ನೆಲದ ಮ್ಯಾಲ ಮಲಗಸು ಅವನ್ನ!"

ನಮ್ಮ ಲಿಂಗಾಯತ ಮನೆಗಳಲ್ಲಿ ಹಾಗೆ ಗೋಡೆಗೆ ಆನಿಸಿ ಕೂರಿಸುವುದು ಸತ್ತವರನ್ನು. ಅಪ್ಪನನ್ನು ಹಾಗೆ ಕೂರಿಸಿದ್ದು ಅವಳ ಕಣ್ಣಲ್ಲಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಸುಮ್ನಿರಬೇ, ನಿನ್ನ ಮೂಢನಂಬಿಕಿ ತುಗೊಂಡು" ಎಂದು ಗದರಿದೆ.

ತಮ್ಮ ಎರಡು ಗುಟುಕು ನೀರು ಕುಡಿದ. ಆಮೇಲೆ ಮೆಲ್ಲಗೆ ಅಂದ: "ಅಣ್ಣಾ, ನನ್ನ ಕಾಲು ಎಲ್ಲಿ ಅದಾವ ಗೊತ್ತಾಗವಲ್ದು."

ವರ್ಷವರ್ಷವೂ ಹತ್ತನೇ ತರಗತಿಗೆ ಮೆದುಳುಬಳ್ಳಿಯ ಪಾಠ ಮಾಡುವವನು ನಾನು. ಬೆನ್ನೆಲುಬಿನ ಒಳಗೆ ಅದು ಇಳಿದುಬರುವುದನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. ಆ ಚಿತ್ರ ಆಗ ಕಣ್ಮುಂದೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಾಗೇವಾಡಿಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು, "ಎಲುಬು ಮುರದದ್ದು ಇದರಾಗ ಕಾಣ್ತೈತಿ, ಒಳಗಿನ ಬಳ್ಳಿ ಕಾಣೂದಿಲ್ಲ. ಬಿಜಾಪುರಕ್ಕ ಹೋಗಿ ಎಂಆರ್‌ಐ ಮಾಡಸ್ರಿ" ಎಂದರು. ಹಲಗೆಗೆ ಕಟ್ಟಿ ಮಲಗಿಸಿದ್ದ ತಮ್ಮನ ಪಕ್ಕ ಆಂಬುಲೆನ್ಸಿನಲ್ಲಿ ಕುಳಿತೆ. ರಸ್ತೆಯ ಒಂದೊಂದು ಉಬ್ಬಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವ್ವ ಇಡೀ ದಾರಿ ಅವನ ಪಾದಗಳನ್ನು ಹಿಡಿದೇ ಇದ್ದಳು. ಹಿಡಿದದ್ದು ಅವನಿಗೆ ತಿಳಿಯುತ್ತಿರಲಿಲ್ಲ.

ಬಿಜಾಪುರದ ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಅವನ ಕಾಲಿಗೆ ಸೂಜಿ ಚುಚ್ಚುತ್ತ ಬಂದರು. "ಬಿದ್ದ ಕೂಡ್ಲೆ ಕಾಲು ಆಡತಿದ್ವೇನ್ರಿ? ಯಾರರ ಎತ್ತಿ ಕೂಡ್ರಿಸಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಇಲ್ರೀ ಮೇಡಮ್ಮಾರ, ಬಿದ್ದಲ್ಲೇ ಮಲಗಿದ್ದ. ಯಾರೂ ಮುಟ್ಟಿಲ್ರಿ."

ಅವರು ಹಾಗೆಯೇ ಬರೆದುಕೊಂಡರು. ಎಂಆರ್‌ಐಗೆ ನಾಲ್ಕೈದು ಮಂದಿ ಮುಂದಿದ್ದಾರೆ, ಸರದಿ ಬಂದಾಗ ಕರೆಯುತ್ತೇವೆ ಎಂದರು. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ನೆಮ್ಮದಿಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತಿರಬಹುದು. ಕಣ್ಣು ಮುಚ್ಚಿದರೆ ಆ ಬಲಗಾಲು ಬಲೆಯನ್ನು ಒದೆಯುತ್ತಿತ್ತು. ಎದ್ದು ಹೋಗಿ ಡಾಕ್ಟರಮ್ಮನ ಮುಂದೆ ನಿಂತೆ.

"ಮೇಡಂ, ಬಿದ್ದಾಗ ಅವನ ಕಾಲು ಆಡತಿದ್ವು. ನಾನೇ ಎತ್ತಿ ಗ್ವಾಡಿಗೆ ಆನಿಸಿ ಕೂಡ್ರಿಸಿದೆ. ಆಮ್ಯಾಲ ಆಡೂದು ನಿಂತಿತು."

ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ, ಎಷ್ಟು ಹೊತ್ತಾಯಿತು ಎಂದಷ್ಟೇ ಕೇಳಿ ಫೋನು ಎತ್ತಿಕೊಂಡರು. ಆಡುತ್ತಿದ್ದ ಕಾಲು ನಿಂತಿದೆಯೆಂದರೆ ಒಳಗೆ ಒತ್ತಡ ಏರುತ್ತಿರಬಹುದು, ಇವನನ್ನೇ ಮೊದಲು ತಗೊಳ್ಳಿ ಎಂದು ಆ ಕಡೆಯವರಿಗೆ ಹೇಳಿದರು.

ಎಂಆರ್‌ಐ ಕೋಣೆಯೊಳಗೆ ಲೋಹ ಒಯ್ಯುವಂತಿಲ್ಲ. ತಮ್ಮನ ಬೆಳ್ಳಿ ಉಡದಾರ ಬಿಚ್ಚಿ ಅವ್ವನ ಕೈಗೆ ಕೊಟ್ಟರು. ನಾಲ್ವರು ಚಾದರ ಸಮೇತ ಅವನನ್ನು ಸರಿಸುವಾಗ ನನ್ನ ಕೈ ತಾನಾಗಿಯೇ ಅವನ ಕಂಕುಳ ಕಡೆ ಹೋಯಿತು. ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಬಾಗಿಲು ಮುಚ್ಚಿದ ಮೇಲೂ ಬಿಡಲಿಲ್ಲ. ಒಳಗೆ ಬೋರ್‌ವೆಲ್ ಕೊರೆಯುವಂಥ ಸದ್ದು ಶುರುವಾಯಿತು. ಸದ್ದು ನಿಂತಾಗಲೆಲ್ಲ ಏನೋ ಆಯಿತೆಂದು ಹೆದರಿದೆ. ಮತ್ತೆ ಶುರುವಾದರೆ ಇನ್ನೂ ಏನು ಹುಡುಕುತ್ತಿದ್ದಾರೋ ಎಂದು ಹೆದರಿದೆ.

ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಬೂದುಬಣ್ಣದ ಬಳ್ಳಿ ಇಳಿದುಬಂದು ಒಂದು ಕಡೆ ಎಲುಬಿನ ಚೂರಿಗೆ ಸಿಕ್ಕು ಸಣ್ಣಗಾಗಿತ್ತು. ಅಲ್ಲೇ ಒಂದು ಬಿಳಿ ಕಲೆ.

"ತುಂಡಾಗಿಲ್ರಿ. ಒಳಗ ರಕ್ತಾನೂ ಕಾಣವಲ್ದು. ಈ ಬಿಳಿದು ಬಾವು. ಚೂರು ಒತ್ತಾಕತ್ತೈತಿ, ಇವತ್ತ ಆಪರೇಷನ್ ಆಗಬೇಕು."

"ಈ ಕಲೆ ಬಿದ್ದಾಗ ಆಗಿದ್ದೇನ್ರಿ, ನಾ ಎತ್ತಿದಾಗ ಆಗಿದ್ದೇನ್ರಿ?"

ಅವರು ನನ್ನ ಮುಖ ನೋಡಿದರು. "ಅದು ಚಿತ್ರದಾಗ ಗೊತ್ತಾಗೂದಿಲ್ರೀ ಸರ್."

ತಮ್ಮ ಈಗ ಕೋಲು ಹಿಡಿದು ನಡೆಯುತ್ತಾನೆ. ಎಡಗಾಲು ಎಳೆಯುತ್ತದೆ. ಬಲೆ ಒದ್ದದ್ದು ಅವನಿಗೆ ನೆನಪಿಲ್ಲ, ನಾನು ಹೇಳಿದರೆ ನಗುತ್ತಾನೆ. ಮೊನ್ನೆ ಸಿಂದಗಿಯಿಂದ ಬೀಗರು ಬಂದಿದ್ದರು. ಹೇಗಾಯಿತೆಂದು ಕೇಳಿದರು, ಅವ್ವ ಹೇಳತೊಡಗಿದಳು. ಅಷ್ಟರಲ್ಲಿ ತಮ್ಮ ಕೋಲು ಬದಿಗಿಟ್ಟು ಕಟ್ಟೆಯ ಮೇಲೆ ಕುಳಿತು ಗೋಡೆಗೆ ಬೆನ್ನು ಆನಿಸಿದ. ಅವ್ವನ ಮಾತು ನಿಂತಿತು. ಒಳಗೆ ಹೋಗಿ ತಲೆದಿಂಬು ತಂದು ಅವನ ಬೆನ್ನಿಗೂ ಗೋಡೆಗೂ ನಡುವೆ ಇಟ್ಟಳು. ನನ್ನ ಕಡೆ ನೋಡದೆ ಬೀಗರ ಮುಂದೆ ಬಂದು ಕುಳಿತಳು.

"ಬಿದ್ದಲ್ಲೇ ಮಲಗಿದ್ದ ನೋಡ್ರಿ," ಎಂದಳು. "ಯಾರೂ ಮುಟ್ಟಿಲ್ರಿ."