ಮಳೆಯೋ, ಮದ್ದೋ

ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನ ದವಾಖಾನೆಯಲ್ಲಿ ವನಜಮ್ಮ ಜ್ವರದ ಮಾತ್ರೆ ಹಂಚುತ್ತಿದ್ದಳು. ಕುಶಾಲನಗರದ ಕಡೆಯ ರೈತರ ಮಗಳು. ಗಂಡ ಮಲೇರಿಯಾದಲ್ಲೇ ತೀರಿಕೊಂಡಿದ್ದ. ಯಾರು ಏನು ಹೇಳಿದರೂ ಅವಳು ಮೊದಲು "ಹೌದಾ?" ಅನ್ನುವಳು. ಆ ಒಂದು ಮಾತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೂ ಕಸಿವಿಸಿ.

೧೯೫೨ರ ಜೂನ್ ಕೊನೆಗೆ ಸರ್ಕಾರದವರು ಕೂಲಿಗಳ ಎರಡು ಸಾಲುಮನೆಗಳಲ್ಲಿ ಮೇಲಿನ ಲೈನಿನ ಗೋಡೆಗಳಿಗೆ ಸೊಳ್ಳೆ ಸಾಯಿಸುವ ಡಿಡಿಟಿ ಹೊಡೆದರು. ನೀರು ಹರಿಯುವ ತೋಡಿನಾಚೆಯ ಕೆಳಗಿನ ಲೈನಿಗೆ ಮದ್ದು ಸಾಲಲಿಲ್ಲ. ಆಗಸ್ಟಿನಲ್ಲಿ ಮಲೇರಿಯಾ ಇನ್‌ಸ್ಪೆಕ್ಟರ್ ಪರಮೇಶಪ್ಪ ಬಂದಾಗ ಮೇಲಿನ ಲೈನಿನಲ್ಲಿ ಜ್ವರ ಬಂದವರ ಲೆಕ್ಕ ತಿಂಗಳಿಗೆ ನಲವತ್ತರಿಂದ ಹನ್ನೊಂದಕ್ಕೆ ಇಳಿದಿತ್ತು.

"ನೋಡಿದ್ಯೇನಮ್ಮ, ಮದ್ದಿನ ಗುಣ," ಎಂದು ಅವನು ವರದಿ ಬರೆಯಲು ಕೂತ.

"ಹೌದಾ? ಕೆಳಗಿನ ಲೈನಲ್ಲಿ ಮೂವತ್ತೆಂಟಿತ್ತು, ಈಗ ಹನ್ನೆರಡು. ಅಲ್ಲಿಗೆ ಯಾರು ಹೊಡೆದ್ರು ಸ್ವಾಮಿ?"

ಪರಮೇಶಪ್ಪನ ಪೆನ್ನು ನಿಂತಿತು.

"ಮಳೆ ಜೋರಾಗಿ ತೋಡಿನ ಸೊಳ್ಳೆಮರಿ ಎಲ್ಲ ಕೊಚ್ಕೊಂಡು ಹೋದ್ರೆ ಪ್ರತಿ ವರ್ಷನೂ ಜ್ವರ ಇಳೀತದೆ," ಎಂದಳು.

"ಹಾಗಾದ್ರೆ ಮದ್ದು ಸುಳ್ಳು ಅಂತೀಯಾ?"

"ಅದೂ ಗೊತ್ತಿಲ್ಲ. ಗೊತ್ತಿಲ್ದೇ ಹೆಂಗೆ ಬರೀತೀರಿ?"

ಅವನಿಗೆ ಸಿಟ್ಟು ಬಂತು. ಆದರೂ ವರದಿಯನ್ನು ಮಡಚಿ ಚೀಲದಲ್ಲಿಟ್ಟ.

ಮರುವರ್ಷ ಮಾರ್ಚಿನಲ್ಲೇ, ಜ್ವರ ಏರುವ ಮೊದಲೇ, ಮದ್ದು ಬಂತು. ಮತ್ತೆ ಒಂದೇ ಲೈನಿಗಾಗುವಷ್ಟು. ಯಾವ ಲೈನಿಗೆ ಎಂದು ಜಗಳ ಹತ್ತಿತು. ವನಜಮ್ಮ ಚೀಟಿ ಎತ್ತಿಸಿದಳು. ಕೆಳಗಿನ ಲೈನಿನ ಕಾಳಮ್ಮ ಎತ್ತಿದ ಚೀಟಿಯಲ್ಲಿ ಅವರ ಲೈನಿನ ಹೆಸರೇ ಬಂತು. ವನಜಮ್ಮ ಇದ್ದದ್ದು ಮೇಲಿನ ಲೈನಿನಲ್ಲಿ. "ನಿನ್ ಬಾಯಿಂದ ನಮ್ಗೆ ಕೇಡು," ಎಂದು ನೆರೆಯವರು ಮಾತು ಬಿಟ್ಟರು.

ದವಾಖಾನೆಗೆ ಬಾರದವರನ್ನೂ ಬಿಡಬಾರದೆಂದು ಅವಳು ವಾರಕ್ಕೊಮ್ಮೆ ಎರಡೂ ಲೈನುಗಳಲ್ಲಿ ಮನೆಮನೆಗೆ ಹೋಗಿ ಹಣೆ ಮುಟ್ಟಿ ನೋಡಿದಳು. ಮೇ ತಿಂಗಳಲ್ಲಿ ಅವಳಿಗೇ ಚಳಿಜ್ವರ ಹಿಡಿಯಿತು. ಕಂಬಳಿ ಹೊದ್ದೇ ಉಳಿದ ಮನೆಗಳನ್ನು ಮುಗಿಸಿದಳು.

ಆ ತಿಂಗಳು ಜ್ವರ ಬಂದವರು ಮೇಲಿನ ಲೈನಿನಲ್ಲಿ ನಲವತ್ತೊಂದು, ಕೆಳಗೆ ಎಂಟು.

ಮೇ ಕೊನೆಗೆ ಪರಮೇಶಪ್ಪ ಬಂದಾಗ ಅವಳು ಹಲ್ಲು ಕಟಕಟಿಸುತ್ತ ಗೋಡೆಗೊರಗಿ ಕೂತಿದ್ದಳು.

"ಜೋರು ಮಳೆ ಇನ್ನೂ ಬಂದಿಲ್ಲ ಸ್ವಾಮಿ. ಇದು ಮದ್ದಿನದೇ. ಈಗ ಬರೀರಿ," ಎಂದಳು. "ನಂಬಿಕೆ ಇಲ್ದಿದ್ರೆ ನೀವೇ ಹೋಗಿ ಮುಟ್ಟಿ ನೋಡಿ."

ಅವನು ಹೋಗಿ ಮುಟ್ಟಿ ನೋಡಿಯೇ ಬರೆದ. ಮುಂದಿನ ಮಾರ್ಚಿನಲ್ಲಿ ಎರಡೂ ಲೈನಿಗೆ ಸಾಕಾಗುವಷ್ಟು ಮದ್ದು ಬಂತು.